ಮಡಕೆ ತೊಳೆದ ನೀರು

ಕೆಂಜೋಳ ಮೊಳೆಯಲು ಮೂರು ದಿನ,
ಒಣಗಲು ಎರಡು,
ದೋಲೊ ಕುದಿಯಲು ಒಂದು ಹಗಲು, ಒಂದು ಇರುಳು.
ಅತ್ತೆ ಪೊಗ್ಸಾ ಒಲೆ ಹೂಡುತ್ತಿದ್ದ ಕಾಲಕ್ಕೆ
ಆ ಒಂದು ಇರುಳಿಗೆ ಒಂದು ಮರ.
ಲೆಕ್ಕ ಇನ್ನೂ ಗೋಡೆಯ ಮೇಲಿದೆ, ಇದ್ದಿಲ ಗೀಟು;
ಎಣಿಸಲು ಹೊರಟವಳು
ಬಾಗಿಲವರೆಗೆ ಬಂದು ಕೈಬಿಟ್ಟೆ.

ಈಗ ಮಣ್ಣಿನ ಗೂಡೊಲೆ, ಮೂರು ಮಡಕೆಗೆ ಒಂದೇ ಬಾಯಿ.
ಬೆಂಕಿ ಈಚೆ ಇಣುಕುವುದಿಲ್ಲ,
ಹೊಗೆಗೆ ನನ್ನ ಕಣ್ಣಿನ ಹಾದಿ ಮರೆತಿದೆ.
ಗಾಡಿ ಸೌದೆ ಸುಟ್ಟಲ್ಲಿ ಅರ್ಧ ಗಾಡಿ.
ಚರಟ ಹಂದಿಗೆ. ಬೂದಿ ಸಾಬೂನಿಗೆ.
ಆದರೂ ಆ ಅರ್ಧ ಗಾಡಿ ಸಾಲವೇ.

ಒಂದು ಕುದಿತಕ್ಕೆ ಒಂದು ಶಿಯಾ ಸಸಿ, ಅಂದೆ.
ದಿಯೆಬುಗು ಸಂತೆಯಿಂದ ನೇರ ಬಂದು
ಸೋರೆಬುರುಡೆ ಹಿಡಿದು ಕೂತ ದಬಿರೆ ನಕ್ಕ:
"ಅದು ಕಾಯಿ ಬಿಡಲು ಇಪ್ಪತ್ತು ವರ್ಷ,
ನನಗಾಗಲೇ ಎಪ್ಪತ್ತು. ತುಂಬಿಸು."
ತುಂಬಿಸಿದೆ. ಮುಳ್ಳಿನ ಬೇಲಿ ಕಟ್ಟಿಕೊಟ್ಟರೆ
ಎರಡನೆಯದು ಪುಕ್ಕಟೆ ಎಂದೆ.
ಹನ್ನೊಂದು ಸಸಿಯಲ್ಲಿ ನಾಲ್ಕು ಆಡಿನ ಪಾಲು,
ಒಂದು ಗೆದ್ದಲಿಗೆ;
ಆರಕ್ಕೆ ಬೇಲಿ ಇದೆ, ವಾಲಿದ ಬೇಲಿ,
ಕುಡಿದವನ ಕೈಗೆಲಸ.

ಮೊದಲ ಗುಟುಕು ನೆಲಕ್ಕೆ, ಹಿರಿಯರಿಗೆ.
ಮೊನ್ನೆ ಅದನ್ನು ಸಸಿಯ ಬುಡಕ್ಕೇ ಸುರಿಯಹೋದೆ,
ಮಗಳು ಅಯುವೊ ಕೈ ಹಿಡಿದಳು:
"ಸತ್ತವರು ಕುಡಿಯಲಿ. ಇದಿನ್ನೂ ಕೂಸು."
ಮಡಕೆ ತೊಳೆದ ನೀರು ತಂದು ಹೊಯ್ದಳು.

ದಬಿರೆ ಈಗ ಕುಡಿಯಲು ಬಂದರೆ
ಮೊದಲು ಹಿತ್ತಲಿಗೆ ಹೋಗುತ್ತಾನೆ,
ಎಲೆ ಎಣಿಸಿ ಬಂದು ಕೂರುತ್ತಾನೆ.