ಇನ್ನೂರು ಹೆಜ್ಜೆ

ಶಿವರಾತ್ರಿ ಕಳೆದ ಮೂರನೆಯ ದಿನ
ವಾಚರ್ ಖಾಜಾಹುಸೇನ ತಾಂಡಾಕ್ಕೆ ಬಂದು
ಗುಡ್ಡದ ಕಡೆ ಕೈ ಮಾಡಿ ಹೇಳಿದ:
"ಹುಲ್ಲು ಸೊಂಟದ ಮಟ ಬಂದೈತಿ, ಗೆರಿ ಕಡೀರಿ.
ನಾಕು ಮಾರು ಅಗಲ.
ಮೂರಕ್ಕ ನಿಲ್ಲಿಸಿದ್ರ ಬೆಂಕಿ ಜಿಗೀತೈತಿ."

ಸಂಡೂರಿನ ಈ ಮಗ್ಗುಲಲ್ಲಿ ಮಣ್ಣು ಮೊದಲೇ ಕೆಂಪು,
ಅದಿರಿನ ಧೂಳು ಕೂತ ಎಲೆಯೂ ಕೆಂಪು,
ಕಿಚ್ಚು ಹತ್ತಿದ್ದು ಹಗಲು ಕಣ್ಣಿಗೆ ಬೀಳುವುದಿಲ್ಲ,
ಮೂಗಿಗೇ ಮೊದಲು ಸುದ್ದಿ.
ಬಂದರಿಕೆ ಗಿಡವಂತೂ ಹಸಿಯಿದ್ದರೂ
ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ
ಚಟಚಟ ಉರಿಯುತ್ತದೆ.

ಸಲಿಕೆ, ಕುಡುಗೋಲು, ಮನೆಗೊಂದಾಳು.
ಹಿತ್ತಲಿಗೆ ಅಂಟಿಕೊಂಡಿದ್ದ ನನ್ನ ಮೇವಿನ ಬಣವೆ ಕಿತ್ತು
ಬಾವಿಯಾಚೆ ಒಟ್ಟಿದೆ;
ಎರಡು ದಿನ ಬೆನ್ನು ನೆಟ್ಟಗಾಗಲಿಲ್ಲ.
ಗೆರೆ ಮೂಡಣದಿಂದ ಬಂದು, ಗುಡಿ ಬಳಸಿ,
ಬೇವಿನ ಮರದ ಹತ್ತಿರ ನಿಂತಿತು.

ಆಚೆ, ಹಳ್ಳದ ದಂಡೆಗೆ, ಒಂದು ನೀಲಿ ತಾಡಪಾಲು.
ಕಲ್ಲು ಒಡೆಯಲು ಬಂದ ಮಾರೆಕ್ಕ, ಯಂಕೋಬ,
ಒಂದು ಕೂಸು, ಎರಡು ಕೋಳಿ.
ನಮ್ಮವರಲ್ಲ; ರೇಷನ್ ಕಾರ್ಡೂ ಇಲ್ಲಿಯದಲ್ಲ.
ಅವರನ್ನು ಒಳಗೆ ಹಾಕಿಕೊಂಡರೆ
ಇನ್ನೂರು ಹೆಜ್ಜೆ ಹೆಚ್ಚು ಕಡಿಯಬೇಕು.
ಎಣಿಸಿದವನು ನಾನೇ.
"ಇನ್ನೂರು" ಎಂದೆ, ಎಲ್ಲರಿಗೂ ಕೇಳುವಂತೆ.
ಹೊತ್ತು ನೆತ್ತಿಗೆ ಬಂದಿತ್ತು.
ಯಾರೂ ಏನೂ ಅನ್ನಲಿಲ್ಲ.

ಜಮ್ಲಿಬಾಯಿ ಎದ್ದಳು.
ಎಪ್ಪತ್ತು ದಾಟಿದ ಮೊಣಕಾಲು, ಮೊಣಕೈ ತನಕ ಬಳೆ.
ಕಸಬರಿಗೆ ಹಿಡಿದು ತಾಡಪಾಲು ದಾಟಿ,
ಇನ್ನೂ ಹತ್ತು ಹೆಜ್ಜೆ ದಾಟಿ,
ಅಂಗಳ ಗುಡಿಸುವಂತೆ
ಗುಡ್ಡ ಗುಡಿಸತೊಡಗಿದಳು.
ಮಾರೆಕ್ಕ ಕೂಸನ್ನು ಜೋಳಿಗೆಗೆ ಹಾಕಿ
ಸುತ್ತಿಗೆ ಬಿಟ್ಟು ಗುದ್ದಲಿ ತಂದಳು.
ಆಮೇಲೆ ನಾವೂ, ಒಬ್ಬೊಬ್ಬರಾಗಿ,
ಬೈದುಕೊಳ್ಳುತ್ತ.

ಹೋಳಿ ಹುಣ್ಣಿಮೆಗೆ ಎರಡು ದಿನ ಇರುವಾಗ ಗುಡ್ಡ ಹತ್ತಿತು.
ಬೀಡಿಯೋ, ಬೇಕಂತಲೋ, ಯಾರಿಗೆ ಗೊತ್ತು.
ಗಾಳಿ ಹಳ್ಳದ ಕಡೆಗೇ ಮುಖ ಮಾಡಿತ್ತು.
ಹೊಂಗೆ ಕೊಂಬೆ, ತೊಯ್ದ ಗೋಣಿಚೀಲ,
ಕತ್ತಲಲ್ಲಿ ಕೈಯಿಂದ ಕೈಗೆ ಕೊಡ;
ಗೆರೆ ಜಿಗಿದು ಬಂದ ಕಿಡಿಯನ್ನು
ಚೇಳು ಬಡಿದಂತೆ ಬಡಿದೆವು.
ಒಮ್ಮೆ ತಿರುಗಿದರೆ ಪಕ್ಕದಲ್ಲಿ ಯಂಕೋಬ,
ಹುಬ್ಬು ಸುಟ್ಟಿದೆ, ನಗುತ್ತಿದ್ದಾನೆ.
ಯಾಕೆ ನಕ್ಕನೋ, ಇವತ್ತಿಗೂ ಕೇಳಿಲ್ಲ.

ಬೆಳಗಾಗುವಾಗ ಬೂದಿ ಗೆರೆಯ ತನಕ ಬಂದು ಕೂತಿತ್ತು.
ತಾಡಪಾಲಿಗೆ ಮೂರು ತೂತು, ಅಷ್ಟೆ.
ನನ್ನ ಬಣವೆ ಮಾತ್ರ ಹೋಯಿತು.
ಬಾವಿಯಾಚೆ ಒಟ್ಟಿದ್ದೆನಲ್ಲ,
ಅಲ್ಲಿಗೆ ಎಷ್ಟು ಹೆಜ್ಜೆಯೆಂದು
ಯಾರೂ ಎಣಿಸಿರಲಿಲ್ಲ, ನಾನೂ.

ಈ ವರ್ಷ ಮತ್ತೆ ಸೊಂಟದ ಮಟ ಹುಲ್ಲು.
ಹುಲ್ಲಿಗೆ ಹೋದ ವರ್ಷದ ನೆನಪಿಲ್ಲ.
ಹಳ್ಳದ ಆ ದಂಡೆಗೆ ಇನ್ನೊಂದು ತಾಡಪಾಲು ಎದ್ದಿದೆ,
ಹಸಿರು ಬಣ್ಣದ್ದು.
ನಿನ್ನೆ ಸಂಜೆ ಯಾರಿಗೂ ಹೇಳದೆ
ಅಲ್ಲಿಯ ತನಕ ಹೆಜ್ಜೆ ಹಾಕಿ ಬಂದೆ.
ಎಷ್ಟಾಯಿತೆಂದು ಕೇಳಬೇಡಿ.
ಸಲಿಕೆಗೆ ಹೊಸ ಕಾವು ಹಾಕಿಸಿದ್ದೇನೆ.