ಮುಚ್ಚಳಕ್ಕೆ ಎಷ್ಟು ಕೈ?

ಅಕ್ಟೋಬರ್ ಒಂದು. ಅಪ್ಪ ಇನ್ನೂ ಅಡುಗೆಮನೆಯಲ್ಲೇ ಇದ್ದ,
ಮೈಮೇಲೆ ಬೂದು ಅಂಗಿಯಿಲ್ಲ, ತಲೆಗೆ ರೇಂಜರನ ಅಗಲ ಟೊಪ್ಪಿಯಿಲ್ಲ.
ಜ್ವರವೂ ಅಲ್ಲ, ರಜೆಯೂ ಅಲ್ಲ.
"ಸರ್ಕಾರ ಮುಚ್ಚಿದೆ, ಐಲಿ" ಅಂದ.

ಸರ್ಕಾರ ಅಂದರೆ ಅಂಗಡಿಯೇ, ಮುಚ್ಚೋದಕ್ಕೆ?
ಕಿಟಕಿಯಿಂದ ನೋಡಿದೆ.
ಸುಪೀರಿಯರ್ ಸರೋವರ ತೆರೆದೇ ಇತ್ತು.
ಅಂಚೆಯವಳು ಬಂದಳು.
ಶಾಲೆಯ ಹಳದಿ ಬಸ್ಸೂ ಬಂತು, ನನ್ನ ಗ್ರಹಚಾರ.

ಸಂಜೆ ಬಣ್ಣದ ಬಂಡೆಗಳ ಹಾದಿಗೆ ಹೋದೆವು.
ಮಾಹಿತಿ ಕೇಂದ್ರಕ್ಕೆ ಬೀಗ, ಕಕ್ಕಸಿಗೂ ಬೀಗ.
ಬಾಗಿಲ ಮೇಲಿನ ಕಾಗದದಲ್ಲಿ ಅಪ್ಪನದೇ ಅಕ್ಷರ,
'ಕ್ಷಮಿಸಿ' ಎಂಬುದರ ಕೆಳಗೆ ಎರಡು ಗೆರೆ.

ರಾತ್ರಿ ಮುಮ್ಮು, ಅಂದರೆ ನನ್ನ ಅಜ್ಜಿ,
ಹುರುಳಿಬೀಜ ತುಂಬಿದ ಕಾಫಿ ಡಬ್ಬಿಯನ್ನು ಮೇಜಿಗೆ ಕುಕ್ಕಿದಳು:
"ಇದು ದೇಶದ ದುಡ್ಡು ಅಂದುಕೋ.
ನೋಡು, ಖಾಲಿಯಾಗಿಲ್ಲ.
ಆದರೆ ಮುಚ್ಚಳ ಒಬ್ಬರ ಕೈಗೆ ಬಿಚ್ಚುವುದಿಲ್ಲ.
ವಾಷಿಂಗ್ಟನ್ನಿನ ಗುಮ್ಮಟದಡಿ ಎರಡು ಸಭೆಗಳಿವೆ,
ಎರಡೂ ಒಂದೇ ಚೀಟಿಗೆ ಹೂಂ ಅನ್ನಬೇಕು,
ಆಮೇಲೆ ಅಧ್ಯಕ್ಷರ ರುಜು.
ಹಳೇ ಚೀಟಿಯ ಆಯಸ್ಸು ನಿನ್ನೆ ನಡುರಾತ್ರಿಗೆ ತೀರಿತು.
ಹೊಸದು ಬರೆದಿಲ್ಲ."

"ಯಾಕೆ ಬರೆದಿಲ್ಲ?"
"ಒಬ್ಬರು ಆಸ್ಪತ್ರೆಗೆ ಹೆಚ್ಚಿಡಿ ಅಂದರು, ಇನ್ನೊಬ್ಬರು ಆಗಲ್ಲ ಅಂದರು.
ನನ್ನ ಮಾತು ಮೊದಲು, ಡಬ್ಬಿ ಆಮೇಲೆ.
ನೀನೂ ಓನ್ನಿಯೂ ದೋಣಿಯ ಮುಂದಿನ ಸೀಟಿಗೆ ಕಿತ್ತಾಡಿ
ದೋಣಿ ದಡದಲ್ಲೇ ಕೂತಿತ್ತಲ್ಲ, ಹಾಗೆ."
"ಅವತ್ತು ನೀನು ನಮಗೆ ಬೈದೆ!"
"ಇವರಿಗೆ ಬೈಯಬೇಕಾದವರೂ ನಾವೇ, ಮತ ಹಾಕುವವರು.
ಬೈಯುತ್ತೇವೆ,
ಅದನ್ನೂ ಎರಡು ಗುಂಪಾಗಿ."

"ಹಾಗಾದರೆ ಇಂಥ ಮುಚ್ಚಳ ಯಾಕೆ ಮಾಡಿದರು?"
ಮುಮ್ಮು ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಯಾವನೋ ಒಬ್ಬ ರಾಜನಂತೆ ಬಂದು
ಮೊಣಕೈವರೆಗೂ ಕೈ ಇಳಿಸಬಾರದು ಅಂತ.
ಮುಚ್ಚಳ ಒಳ್ಳೆಯದೇ, ಮಗಾ.
ಹಿಡಿದವರು ಮಾತು ಬಿಟ್ಟರೆ ಮಾತ್ರ ಕಷ್ಟ."

ಅಮ್ಮ ದಿನಾ ಹವಾಮಾನ ಕಚೇರಿಗೆ ಹೋದಳು.
ಬಿರುಗಾಳಿ ಚೀಟಿ ನೋಡಿ ಬರುವುದಿಲ್ಲ,
ಹಡಗುಗಳಿಗೆ ಯಾರಾದರೂ ಹೇಳಬೇಕು.
ಅವಳಿಗೆ ಕೆಲಸ ಉಂಟು, ಸಂಬಳ ಇಲ್ಲ.
ಅಪ್ಪ ಬಿಟ್ಟಿ ಮಾಡುತ್ತೇನೆ ಅಂದರೂ
ಮಾಡಕೂಡದಂತೆ, ಅದೂ ಕಾನೂನು.
ಇದನ್ನು ಹುರುಳಿಬೀಜದಲ್ಲಿ ತೋರಿಸು ಅಂದೆ.
ಮುಮ್ಮುಗೆ ಆಗಲಿಲ್ಲ.

"ತೆರೆದ ಮೇಲೆ ಬಾಕಿ ಸಂಬಳ ಬರುತ್ತೆ" ಅಂದ ಅಪ್ಪ.
ಮನೆ ಬಾಡಿಗೆಯ ಕೋಸ್ಕಿ ಅವರಿಗೆ
'ಮೇಲೆ' ಎಂಬ ತಾರೀಕು ಗೊತ್ತಿಲ್ಲ.
ಆ ವಾರವೂ ಮರುವಾರವೂ ಅದೇ ಹುರುಳಿ ಸಾರು,
ಡಬ್ಬಿಯ ದೇಶ ಅರ್ಧಕ್ಕಿಳಿಯಿತು.

ಇಪ್ಪತ್ತಮೂರನೇ ದಿನ
ಬಂಡೆಯ ತುದಿಯಲ್ಲಿ ಪ್ರವಾಸಿ ದಂಪತಿ ಕೇಳಿದರು,
ಕಲ್ಲಿಗೆ ಈ ಕೆಂಪು ಎಲ್ಲಿಂದ ಬಂತು?
"ಕಬ್ಬಿಣ. ನೀರು ಒಸರುವಾಗ..." ಅಂದವನೇ
ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದ.
ತಮಾಷೆಯೋ ನಿಜವೋ ತಿಳಿಯಲಿಲ್ಲ.

ಉಳಿದದ್ದು ನಾನು ಹೇಳಿದೆ:
ಹಸಿರು, ನೀಲಿಗೆ ತಾಮ್ರ, ಕಪ್ಪಿಗೆ ಮ್ಯಾಂಗನೀಸು,
ಬಿಳಿಗೆ ಸುಣ್ಣ.
ನನಗೆ ಎಂಟು ವರ್ಷ.
ನನ್ನನ್ನು ಮುಚ್ಚುವ ಕಾಗದ
ಇನ್ನೂ ಯಾರೂ ಅಂಟಿಸಿಲ್ಲ.