ಸಂದಿ

ಬಡಿಗೇರ ಕಲ್ಮೇಶ ನನ್ನ ಉಸ್ತಾದ.
ಹಗಲಿ ಉದ್ಯಮಬಾಗದಾಗ ಲೇತ್ ಮಷೀನು,
ಶನಿವಾರ ರಾತ್ರಿ ಕ್ಯಾಂಪಿನ ಹೋಟೆಲ್ಲಿನ ನೆಲಮಾಳಗಿ.
ನಾ ಅವನ ಪೆಟ್ಟಿಗಿ ಹೊರಾಂವ.
ಪೆಟ್ಟಿಗ್ಯಾಗ ನಲವತ್ತೊಂದು ರೆಕಾರ್ಡು,
ಗೋವಾದಿಂದ ಚೋರ್ಲಾ ಘಾಟ ಹತ್ತಿ ಬಂದಾವು
ಬಸ್ಸಿನ್ಯಾಗ ಮೀನಿನ ಬುಟ್ಟಿ ಬಾಜೂಕ ಕುಂತು.
ಒಂದೊಂದು ಇನ್ನೂ ಬಂಗಡಿ ನಾರತಾವು.

ತಿರುಗೂ ತಾಟು ಕೊಳ್ಳಾಕ ರೊಕ್ಕ ಇದ್ದಿಲ್ಲ.
ಫೌಂಡ್ರಿಯವ್ರ ಕಡೆ ಅಲ್ಯುಮಿನಿಯಂ ಎರಕ ಹೊಯ್ಸಿ
ತಾನ ಕಡದಾ, ರಾತ್ರಿಪಾಳಿಯೊಳಗ,
ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ.
ಮಾಲಕ ಕೇಳಿದ್ರ 'ಪಂಪಿನ ಭಾಗ' ಅಂದಾ.

ಆಗ ಬೆಳಗಾವ್ಯಾಗ ಎರಡು ಹಾಡಿನ ನಡುವ ಒಂದು ಸಂದಿ ಇತ್ತು.
ಒಂದು ಕ್ಯಾಸೆಟ್ ತಗದು ಇನ್ನೊಂದು ಹಾಕೂತನಾ
ಮಂದಿ ನೀರು ಕುಡೀತಿದ್ರು, ಬೆವರು ಒರಸತಿದ್ರು,
ಮುಂದಿಂದು ಮರಾಠೀದೋ ಕನ್ನಡದ್ದೋ ಅಂತ
ಅಂಗಿ ಹಿಡೀತಿದ್ರು.
ಇಂವಾ ಆ ಸಂದಿ ಮುಚ್ಚಿದಾ.
ಒಂದರ ಬಾಲಕ್ಕ ಇನ್ನೊಂದರ ತಲಿ ಬೆಸದು,
ಬೆಸುಗಿ ಬೆರಳಿಗೂ ಹತ್ತಬಾರದು, ಹಂಗ.
ಜಗಳಾ ತಗ್ಯಾಕ ಜಾಗಾನ ಸಿಗಲಿಲ್ಲ ಯಾರಿಗೂ.

ಮೊದಲ ರಾತ್ರಿ ಹದಿನೇಳು ಮಂದಿ.
ಇಂಜಿನಿಯರಿಂಗ್ ಹುಡುಗರು, ರಜಾದ ಮ್ಯಾಲಿದ್ದ ಒಬ್ಬ ಹವಾಲ್ದಾರ,
ಚಪ್ಪಲಿ ಕೈಯಾಗ ಹಿಡಕೊಂಡು ಕುಣಿದ
ನರ್ಸಬಾಯಿ ಫಿಲೋಮಿನಾ.
ಮೂರನೇ ಶನಿವಾರ ಮೆಟ್ಟಲ ಮ್ಯಾಲೂ ಜಾಗಾ ಇಲ್ಲ.

ಅವರಪ್ಪ ಒಮ್ಮಿ ಬಂದಿದ್ದಾ.
ಬಾಗಲದಾಗ ನಿಂತು ಎದಿ ಮ್ಯಾಲ ಅಂಗೈ ಇಟ್ಕೊಂಡಾ,
ಒಳಗ ಯಾರೋ ಉಳಿ ಬಡದಂಗ.
'ಬಡಿಯೂದು ಬಿಡಲಿಲ್ಲಲ್ಲೋ. ಹೋಗ್ಲಿ,
ಮನೆತನದ ಕಸುಬು' ಅಂದಾ.
ಚಾ ಸೈತ ಕುಡೀದ ಹ್ವಾದಾ.

ಆಮ್ಯಾಲ ತಾನ ಕಟ್ಟಾಕ ಹತ್ತಿದಾ. ಹಾಡಂತ ಅನ್ನಾಕ ಬರೂದಿಲ್ಲ,
ಮಾತು ಒಂದೂ ಇಲ್ಲ ಅದರಾಗ.
ಮೂರನೇ ರೈಲ್ವೆ ಗೇಟಿನ ಗಂಟಿ,
ಶಹಾಪುರದ ಮಗ್ಗದ ಲಟಕು, ಪವರ್ ಪ್ರೆಸ್ಸಿನ ಗುಮ್ಮು,
ನನ್ನ ಕೆಮ್ಮೂ ಐತಿ, ನಾಕನೇ ನಿಮಿಷಕ್ಕ.
ಇನ್ನೂರು ಕ್ಯಾಸೆಟ್ ಮಾಡಿಸಿದ್ವಿ. ಮೂವತ್ತೆಂಟು ಹ್ವಾದವು.
ಉಳಿದವು ಅವನ ಮಂಚದ ಕೆಳಗ ಅದಾವು.

ಈಗ ಲಾರಿ ತುಂಬ ಬಾಕ್ಸ್ ಹೇರಿ ಕಿಡಕಿ ಗಾಜು ನಡಗಸೂ ಹುಡುಗರು
ಆ ಗುಮ್ಮನ್ನ ಎಲ್ಲಿಂದೋ ಎತ್ಕೊಂಡಾರ.
ಯಾರದು ಅಂತ ಗೊತ್ತಿಲ್ಲ ಅವರಿಗೆ.
'ವೇಗ ಜಾಸ್ತಿ ಮಾಡ್ಯಾರ' ಅಂತಾನ ಇಂವಾ, ಅಷ್ಟ.

ಹ್ವಾದ ವಾರ ಕಿವಿ ಪರೀಕ್ಷಾಕ್ಕ ಕರಕೊಂಡು ಹೋಗಿದ್ದೆ.
ಗಾಜಿನ ಖೋಲಿ. ತಲಿ ಮ್ಯಾಲ ಹೆಡ್‌ಫೋನ್, ಎಷ್ಟ ವರ್ಷದ ಮ್ಯಾಲ.
ಕೈಯಾಗ ಒಂದು ಗುಂಡಿ. 'ಸಪ್ಪಳ ಕೇಳಿದಾಗ ಒತ್ರಿ, ಅಜ್ಜಾರ.'
ಒತ್ತಿದಾ. ಒತ್ತಿದಾ. ಒತ್ತಿದಾ.
ಹುಡುಗಿ ಹೊರಗ ಬಂದು ಕಾಗದ ತೋರಸಿದಳು:
ಎಡಗಿವಿ ಪೂರಾ ಹೋಗೇತಿ.
'ಆದರ ನಾ ಸಪ್ಪಳ ಕೊಡಲಾರದಾಗೂ ಒತ್ಯಾರ್ರಿ,
ಸರೀ ಅರ್ಧರ್ಧ ಸೆಕೆಂಡಿಗೆ. ಯಾಕ?'

ಗಾಜಿನ ಆಚಿಗೆ ಇನ್ನೂ ಕುಂತಾನ. ಹೆಬ್ಬಟ್ಟು ನಿಂತಿಲ್ಲ.
'ಸಂದಿ ಬಿಟ್ಟ ರೂಢಿ ಇಲ್ಲವಾ ಅವಂಗ' ಅಂದೆ.
ಆಕಿಗೆ ತಿಳೀತೋ ಇಲ್ಲೋ.
'ಬಲಗಿವೀದೂ ಆಗೂದೈತಿ' ಅಂತ
ಮತ್ತ ಒಳಗ ಹ್ವಾದಳು.